ತೊಲೆಯ ಮುಂದೆ ಒಡ್ಡಿದ ಕೈ

ನಮ್ಮ ಊರಿಗೆ ಎರಡು ಪೇಟೆಗಳು. ಕೆಳಪೇಟೆಯಲ್ಲಿ ಸಂತೆ, ಗಾಣ, ನೇಕಾರರ ಓಣಿ. ಮೇಲ್ಪೇಟೆಯಲ್ಲಿ ಮಠ, ದವಾಖಾನೆ, ಕುಡಿಯುವ ನೀರಿನ ಹೊಂಡ. ನಡುವೆ ಹದಿನೈದು ಆಳೆತ್ತರದ ನೆಟ್ಟನೆಯ ಬಂಡೆ. ಕಾಲುದಾರಿ ಹಿಡಿದು ಸುತ್ತಿ ಬಂದರೆ ಅರ್ಧ ದಿನ ಬೇಕು. ಆದಕಾರಣ ನಮ್ಮ ಜನ, ದನ, ಧಾನ್ಯ, ದಿಬ್ಬಣ ಎಲ್ಲವೂ ಬಂಡೆಯ ನೆತ್ತಿಯ ಮೇಲೆ ನಿಂತಿರುವ ತೊಲೆಯ ಮೂಲಕವೇ ಹತ್ತಿಳಿಯುತ್ತವೆ. ತೊಲೆಗೆ ಎಳೆಯುವ ಹಗ್ಗವಿಲ್ಲ, ತಿರುಗಿಸುವ ಗಾಲಿಯಿಲ್ಲ. ಕರಿಮರದ ಮೈ, ತುದಿಯಲ್ಲಿ ಐದು ಬೆರಳಿನ ಕಬ್ಬಿಣದ ಕೊಕ್ಕೆ. ಅದರ ಬುಡದ ಕಟ್ಟೆಯ ಮೇಲೆ ನಿಂತು ಇಂಗ್ಲಿಷಿನ ಕ್ರಿಯಾಪದವೊಂದನ್ನು ಹೇಳಿದರೆ ತೊಲೆ ಆ ಕ್ರಿಯೆಯನ್ನು ಮಾಡುತ್ತದೆ. ಹೇಳಿದ್ದನ್ನು ಮಾತ್ರ ಮಾಡುತ್ತದೆ, ಹೇಳಬೇಕೆಂದಿದ್ದನ್ನಲ್ಲ. ಇದನ್ನು ಯಾರು ನೆಟ್ಟರೆಂದು ಕೇಳಿದವರಿಗೆ ನಮ್ಮ ಹಿರಿಯರು, ಬಂಡೆಯನ್ನು ಯಾರು ನೆಟ್ಟರೆಂದು ತಿರುಗಿ ಕೇಳುತ್ತಿದ್ದರು.

ಹೀಗಾಗಿ ನಮ್ಮೂರಿನವರ ಇಂಗ್ಲಿಷು ಒಂದು ಬಗೆಯದು. ನೀರಿಗೆ, ಅನ್ನಕ್ಕೆ, ತಾಯಿಗೆ ಆ ಭಾಷೆಯಲ್ಲಿ ಏನೆನ್ನುವರೆಂದು ನಮಗೆ ತಿಳಿಯದು. ಆದರೆ ಎತ್ತುವುದಕ್ಕೆ ಎಷ್ಟು ಮಾತುಂಟು, ಇಳಿಸುವುದಕ್ಕೆ ಎಷ್ಟು ಮಾತುಂಟು ಎಂಬುದನ್ನು ಹಮಾಲರ ಹೆಣ್ಣುಮಕ್ಕಳೂ ಹೇಳಬಲ್ಲರು. ಕಟ್ಟೆಯ ಹತ್ತಿರ ಬಾಯಿ ಬಿಗಿಹಿಡಿದು ಮಾತನಾಡುವುದು ನಮಗೆ ಎದೆಹಾಲಿನಿಂದ ಬಂದ ಅಭ್ಯಾಸ. ಒಂದು ಸಲ ಪರವೂರಿನ ಚುರುಮುರಿಯವನೊಬ್ಬ ಕಟ್ಟೆಯ ಮೇಲೆ ಬುಟ್ಟಿಯಿಳಿಸಿ, "ಖಾರಾ ಮಿಕ್ಸ್! ಖಾರಾ ಮಿಕ್ಸ್!" ಎಂದು ಕೂಗಿದ. ತೊಲೆ ಆ ಹೊತ್ತಿಗೆ ಹಿಡಿದಿದ್ದ ಮೆಣಸಿನ ಮೂಟೆಯನ್ನೂ ಬೆಲ್ಲದ ಮೂಟೆಯನ್ನೂ ಒಂದು ಮಾಡಿಬಿಟ್ಟಿತು. ಆ ವರ್ಷ ನಮ್ಮೂರಿನ ಹೋಳಿಗೆ ತಿಂದವರು ಯುಗಾದಿಯ ತನಕ ನೀರು ಕುಡಿದರು.

ನನ್ನ ಹೆಂಡತಿ ನಿಂಬೆವ್ವ ನಲವತ್ತೊಂದು ವರ್ಷ ತೊಲೆಗೆ ಮಾತು ಹೇಳಿದಳು. ನಾನು ತೊಲೆಯ ಬುಡಕ್ಕೆ ಎಣ್ಣೆ ಹಾಕುವವನು. ಒಂದು ಕ್ರಿಯಾಪದವನ್ನೂ ನಾನು ಬಾಯಿಂದ ಆಡಿದವನಲ್ಲ. ಆಕೆಗೂ ಅಕ್ಷರ ಬರುತ್ತಿರಲಿಲ್ಲ. ಆದರೆ ಆಕೆಯ ಕಾಲದಲ್ಲಿ ಒಂದು ಮಡಕೆಯೂ ಒಡೆಯಲಿಲ್ಲ. ಕಟ್ಟೆಯ ಪಕ್ಕದ ಚಪ್ಪರದಲ್ಲಿ ಸಂಜೆ ಹೊತ್ತು ನಾಲ್ಕೆಂಟು ಜನಕ್ಕೆ ಆಕೆ ಪಾಠ ಹೇಳುತ್ತಿದ್ದಳು. ಪುಸ್ತಕವಿಲ್ಲ, ಹಲಗೆಯಿಲ್ಲ. ಒಂದು ಕೊಡ, ಒಂದು ಕಂಬಳಿ, ಒಂದು ಹಗ್ಗ. "ಕೈ ಮೊದಲು ಕಲೀಲಿ, ಬಾಯಿ ಹಿಂದಿಂದ ಬರ್ತೈತಿ," ಎನ್ನುವಳು. ನೆಲಕ್ಕೆ ಅಂಟಿದ ಕೊಡವನ್ನು ಬಿಡಿಸಿ ಎತ್ತಿಸಿ, "ಇದು ಲಿಫ್ಟ್" ಎನ್ನುವಳು. ಆಗಲೇ ಕೈಯಲ್ಲಿದ್ದ ಕೊಡವನ್ನು ಇನ್ನೊಂದು ಗೇಣು ಮೇಲೆ ಮಾಡಿಸಿ, "ಇದು ರೈಸ್. ನೆಲಾ ಬಿಡಿಸೂದು ಬ್ಯಾರೆ, ಏರ್ಸೂದು ಬ್ಯಾರೆ. ನಿನ್ನ ಮೊಣಕಾಲಿಗೆ ಗೊತ್ತಾತಿಲ್ಲೋ?" ಎಂದು ಕೇಳುವಳು. ತಾನು ನಿಂತಲ್ಲಿಗೆ ಬಂದರೆ ಬ್ರಿಂಗ್, ತನ್ನನ್ನು ಬಿಟ್ಟು ದೂರ ಹೋದರೆ ಟೇಕ್, ಬರಿಗೈಯಲ್ಲಿ ಹೋಗಿ ತುಂಬಿದ ಕೈಯಲ್ಲಿ ಬಂದರೆ ಫೆಚ್. ಇವನ್ನು ಕಲಿಸಲು ಆಕೆ ಶಿಷ್ಯರನ್ನು ಹೊಂಡಕ್ಕೂ ಚಪ್ಪರಕ್ಕೂ ನಡೆದಾಡಿಸುತ್ತಿದ್ದಳು. ಅವರ ಕಾಲು ಸೋತಾಗ ಅರ್ಥ ಹತ್ತುತ್ತಿತ್ತು.

ಶಿವನ ಕರೆ ಬಂತು. ಸುಗ್ಗಿಯ ಕೊನೆಯಲ್ಲಿ, ಮೂರು ದಿನದ ಜ್ವರದಲ್ಲಿ ನಿಂಬೆವ್ವ ಲಿಂಗೈಕ್ಯಳಾದಳು. ನಾನು ಚಪ್ಪರಕ್ಕೆ ತಟ್ಟಿ ಕಟ್ಟಿ ಬಾಗಿಲು ಹಾಕಿದೆ. ತೊಲೆಯ ಕೆಲಸವನ್ನು ಹಮಾಲರು ಗೊತ್ತಿದ್ದ ಹತ್ತು ಹನ್ನೆರಡು ಮಾತುಗಳಲ್ಲಿ ಹೇಗೋ ಸಾಗಿಸಿದರು. ಆಕೆಯ ಕಡೆಯ ಶಿಷ್ಯೆ ಕಾಶವ್ವ ಎಂಬ ಹಮಾಲಿ ಹೆಣ್ಣುಮಗಳು. ಮೂವತ್ತರ ಒಳಗಿನ ವಯಸ್ಸು, ಗಟ್ಟಿ ತೋಳು, ಗಟ್ಟಿ ಬಾಯಿ. ಆಕೆ ಐದಾರು ಸಲ ಬಂದು ಬಾಗಿಲು ಬಡಿದಳು.

"ಮುತ್ಯಾ, ಚಪ್ರದ ಬಾಗ್ಲಾ ತಗೀರಿ. ಕಲಿಯಾಕ ಇನ್ನ ಐತಿ."

"ಕಲಿಸೋಳು ಹೋದಳವ್ವಾ," ಎಂದೆ.

"ಕೊಡಾ ಹೋಗಿಲ್ಲಲ್ರಿ? ಹಗ್ಗಾ ಹೋಗಿಲ್ಲಲ್ಲ?"

ನಾನು ತೆಗೆಯಲಿಲ್ಲ. ನಿಂಬೆವ್ವನ ಕೈ ಮುಟ್ಟಿದ ಕೊಡವನ್ನು ಇನ್ನೊಬ್ಬರು ಮುಟ್ಟುವುದು ನನ್ನಿಂದ ನೋಡಲಾಗುತ್ತಿರಲಿಲ್ಲ. ದೇವರ ಮುಂದೆ ಸುಳ್ಳೇಕೆ.

ಮೂರು ತಿಂಗಳಾದ ಮೇಲೆ ಊರಿನ ಯಜಮಾನರಾದ ಅಡಿವೆಪ್ಪಗೌಡರು ಡಂಗುರ ಹೊಡೆಸಿದರು. ತೊಲೆಗೆ ಹೊಸಬರು ಬೇಕು. ಮುನ್ನೂರು ಕ್ರಿಯಾಪದ ಅರ್ಥಸಹಿತ ಬರುವವರೇ ಆಗಬೇಕು. ಓದು ಬಲ್ಲವರಿಗೇ ಕೆಲಸ. ಹೊಸಬರು ಪುಸ್ತಕದಿಂದ ಕಲಿಸುವುದರಿಂದ ಚಪ್ಪರ ಕಿತ್ತು ಅಲ್ಲಿ ಉಪ್ಪಿನ ಕೋಠಿ ಕಟ್ಟಬೇಕು. ಇದನ್ನು ಕೇಳಿದ ದಿನ ನನಗೆ ಅನ್ನ ಇಳಿಯಲಿಲ್ಲ. ನಾನು ಬಾಗಿಲು ಹಾಕಿ ಕುಳಿತದ್ದಕ್ಕೇ ಗೌಡರಿಗೆ ಚಪ್ಪರ ಖಾಲಿಯೆಂದು ಕಂಡಿತ್ತು. ನಲವತ್ತೊಂದು ವರ್ಷದ ವಿದ್ಯೆಯನ್ನು ನಾನೇ ಉಪ್ಪಿಗೆ ಹಾಕಿದ್ದೆ. ಕೋಲೂರಿಕೊಂಡು ಗೌಡರ ಜಗಲಿಗೆ ಹೋದೆ.

"ಗೌಡ್ರ, ಕಾಶವ್ವಗ ಒಂದು ಅವಕಾಶ ಕೊಡ್ರಿ."

"ಆಕಿಗೆ ಎಷ್ಟು ಪದಾ ಬರ್ತಾವ?"

"ಅರವತ್ತರ ಆಜೂಬಾಜು."

ಗೌಡರು ನಕ್ಕರು. "ಈ ಕೆಲ್ಸಾ ಕೇಳಿ ಬಂದಿರೋ ಹುಡುಗ ಮಧುಕೇಶಗ ನಾಕನೂರಾ ಹನ್ನೆರಡು ಬರ್ತಾವ. ನಿದ್ದ್ಯಾಗ ಕೇಳಿದ್ರೂ ಹೇಳ್ತಾನ."

"ನಿದ್ದ್ಯಾಗ ಹೇಳಾಂವ ಬ್ಯಾಡ್ರಿ, ಎಚ್ಚರಿದ್ದು ಹೇಳೋರು ಬೇಕು," ಎಂದು ಜಗಲಿಯಲ್ಲಿ ಕುಳಿತಿದ್ದ ಹಿರಿಯರಲ್ಲೊಬ್ಬರು ಹೊಗೆಸೊಪ್ಪು ತಿಕ್ಕುತ್ತ ಅಂದರು. ಎಲ್ಲರೂ ನಕ್ಕರು. ಗೌಡರಿಗೆ ಇಲ್ಲವೆನ್ನಲು ಮುಖವಿಲ್ಲದಾಯಿತು. ಇಬ್ಬರಿಗೂ ಪರೀಕ್ಷೆ, ಕಾಶವ್ವ ಸೋತರೆ ಆ ದಿನವೇ ಚಪ್ಪರ ಕಿತ್ತು ಹಾಕುವುದು. ಹೀಗೆ ಮಾತಾಯಿತು. ಮನೆಗೆ ಬಂದವನೇ ತಟ್ಟಿಯ ಕಟ್ಟು ಬಿಚ್ಚಿದೆ. ಕಾಶವ್ವನಿಗೆ ಎಂಟು ದಿನ ಸಿಕ್ಕಿತು. ಆ ಎಂಟು ದಿನವೂ ಅವಳು ಕೊಡ ಹೊತ್ತಳು, ಕಂಬಳಿ ಹಾಸಿದಳು, ಹಗ್ಗ ಎಳೆದಳು. ಹೊಸ ಪದ ಒಂದನ್ನೂ ಕಲಿಯಲಿಲ್ಲ. ನಾನು ಆತಂಕದಿಂದ ಕೇಳಿದರೆ, "ಇದ್ದದ್ದನ್ನ ಹಸನ ಮಾಡಾಕತ್ತೀನ್ರಿ," ಎಂದಳು.

ನಮ್ಮಲ್ಲಿ ಒಂದು ಪದ್ಧತಿಯುಂಟು. ತೊಲೆಗೆ ಹೊಸಬರನ್ನು ಆರಿಸುವವರು ತಾವೇ ಬುಟ್ಟಿಯಲ್ಲಿ ಕುಳಿತು ಮೇಲೆ ಬರಬೇಕು. ಆರಿಸುವವನ ಜೀವವೇ ಆಯ್ಕೆಗೆ ಜಾಮೀನು. ಪರೀಕ್ಷೆಯ ಬೆಳಗ್ಗೆ ಅಡಿವೆಪ್ಪಗೌಡರು ಹೊಸ ರುಮಾಲು ಸುತ್ತಿ, ಹಣೆಗೆ ವಿಭೂತಿ ಧರಿಸಿ, ಕೆಳಪೇಟೆಯಲ್ಲಿ ದೊಡ್ಡ ಬಿದಿರಿನ ಬುಟ್ಟಿಯಲ್ಲಿ ಪದ್ಮಾಸನ ಹಾಕಿದರು. ಗೌಡರದು ಒಳ್ಳೆಯ ಭಾರದ ಶರೀರ. ಕೆಳಗೆ ಕೆಳಪೇಟೆಯ ಜನ, ಮೇಲೆ ಮೇಲ್ಪೇಟೆಯ ಜನ. ಮೊದಲ ಸರದಿ ಮಧುಕೇಶನದು.

ಅವನು ಕೆಟ್ಟ ಹುಡುಗನಲ್ಲ. ನಾಲ್ಕು ವರ್ಷ ಪರವೂರಿನಲ್ಲಿ ಓದಿ ಬಂದವನು. ಕಣ್ಣು ಮುಚ್ಚಿ ಮನಸ್ಸಿನಲ್ಲಿ ಒಮ್ಮೆ ಓದಿಕೊಂಡು, "ಗ್ರಿಪ್," ಎಂದ. ಕೊಕ್ಕೆ ಬುಟ್ಟಿಯ ಕಿವಿಯನ್ನು ಗಟ್ಟಿಯಾಗಿ ಹಿಡಿಯಿತು. "ಲಿಫ್ಟ್" ಎಂದ; ಗೌಡರು ನೆಲ ಬಿಟ್ಟರು. "ಬ್ರಿಂಗ್" ಎಂದ, ಗೌಡರು ಬಂಡೆಯ ಮೈಗುಂಟ ಮೇಲೇರಿ ಬಂದರು. ಜನ ಸೈ ಸೈ ಎಂದರು. ನಾನು ಚಪ್ಪರದ ಕಡೆಗೆ ನೋಡಿದೆ. ಬುಟ್ಟಿ ಕಟ್ಟೆಯ ಮೇಲೆ ಮೂರಾಳೆತ್ತರದಲ್ಲಿ ಬಂದು ನಿಂತಿತು. ಇನ್ನು ಇಡುವುದೊಂದೇ ಉಳಿದದ್ದು. ಗೆಲುವಿನ ಸಂತೋಷದಲ್ಲಿ ಮಧುಕೇಶನಿಗೆ ಪುಸ್ತಕ ಮರೆತುಹೋಯಿತು, ಮನೆಯ ಬಾಯಿ ಬಂತು. ಮನೆಗಳಲ್ಲಿ ನಾವೆಲ್ಲ ಹಾಗೆಯೇ ಅನ್ನುವವರು: ತಂಬಿಗೆ ಅಲ್ಲಿ ಕೀಪ್ ಮಾಡು, ಚಪ್ಪಲಿ ಹೊರಗೆ ಕೀಪ್ ಮಾಡು. ಅವನೂ ಕೈ ತೋರಿಸಿ, "ಕೀಪ್!" ಎಂದುಬಿಟ್ಟ.

ತೊಲೆ ಇಟ್ಟುಕೊಂಡಿತು.

ಐದು ಬೆರಳು ಮಡಚಿ ಬುಟ್ಟಿಯನ್ನು ಸುತ್ತಿದವು. ಕೂಸನ್ನು ಬಗಲಿಗೆ ಎತ್ತಿಕೊಳ್ಳುವಂತೆ ತೊಲೆ ಗೌಡರನ್ನು ತನ್ನ ಕೊರಳಿನ ಹತ್ತಿರಕ್ಕೆ ಎಳೆದುಕೊಂಡು ಸುಮ್ಮನೆ ನಿಂತಿತು.

"ಏ ಮಧುಕೇಶ್ಯಾ! ಇಳಸೋ!" ಎಂದರು ಗೌಡರು ಮೇಲಿಂದ.

"ಪುಟ್!" ಎಂದ ಅವನು. ತೊಲೆ ಕದಲಲಿಲ್ಲ. "ಪ್ಲೇಸ್! ಸೆಟ್! ಲೋವರ್!" ಯಾವುದಕ್ಕೂ ಇಲ್ಲ. ಹೊರೆಗೆ ಹೇಳುವ ಮಾತು ಹೊರೆಗೆ. ಈಗ ಗೌಡರು ಹೊರೆಯಾಗಿರಲಿಲ್ಲ, ತೊಲೆಯ ಸ್ವಂತದ್ದಾಗಿದ್ದರು. ಇಬ್ಬರು ಹಮಾಲರು ಏಣಿ ತಂದು ಆನಿಸಿದರು. ಏಣಿ ತಾಗಿದ್ದೇ ತಡ, ತೊಲೆ ಮೈ ತಿರುಗಿಸಿ ಬುಟ್ಟಿಯನ್ನು ಪ್ರಪಾತದ ಮೇಲಕ್ಕೆ ಒಯ್ದಿತು. ಗೌಡರ ಹೊಸ ರುಮಾಲು ಸುರುಳಿ ಬಿಚ್ಚುತ್ತ ಹದಿನೈದು ಆಳು ಕೆಳಗೆ ಹೋಯಿತು. ಕೆಳಪೇಟೆಯ ಹೆಂಗಸರು ಬಾಯಿ ಬಡಿದುಕೊಂಡರು.

ಮಧುಕೇಶ ಬೆವರಿ ನೀರಾಗಿದ್ದ. "ಬಿಡು ಅನ್ನಬೇಕು, ಬಿಡು ಅನ್ನಬೇಕು," ಎಂದು ತನಗೆ ತಾನೇ ಹೇಳಿಕೊಳ್ಳುತ್ತ, "ಲೀ..." ಎಂದು ಬಾಯಿ ತೆರೆಯುವಷ್ಟರಲ್ಲಿ ಕಾಶವ್ವ ಹಾರಿ ಬಂದು ಅವನ ಬಾಯಿಯ ಮೇಲೆ ಅಂಗೈ ಇಟ್ಟಳು. ಅವನ ಕಿವಿ ಹಿಡಿದು ಕಟ್ಟೆಯಿಂದ ಇಪ್ಪತ್ತು ಹೆಜ್ಜೆ ಆಚೆ, ತೊಲೆಗೆ ಕೇಳದಷ್ಟು ದೂರಕ್ಕೆ ಎಳೆದುಕೊಂಡು ಬಂದಳು. ನಾನೂ ಹಿಂದೆ ಹೋದೆ.

"ಅದನ್ನಂದ್ರ ಏನಾಕ್ಕಿತ್ತು ಗೊತ್ತೇನೋ ತಮ್ಮಾ? ಲೀವ್ ಅಂದ್ರ ಗೌಡ್ರನ್ನ ಇದ್ದಲ್ಲೇ ಬಿಟ್ಟು ತಾ ದೂರ ಸರೀತೈತಿ. ಅವರು ಇರೂದು ಗಾಳಿ ಮ್ಯಾಲೆ."

"ಹಂಗಾರ ಡ್ರಾಪ್?"

"ಆತು, ಅದನ್ನ ಅನ್ನು. ಬಿದ್ದಲ್ಲೇ ಗೌಡ್ರ ಗದ್ದಿಗಿ ಕಟ್ಟೂನು."

"ರಿಲೀಸ್ ಅಕ್ಕಾ, ರಿಲೀಸ್ ಐತಲ್ಲ?"

"ಅದು ಕಟ್ಟು ಬಿಚ್ಚೂದು. ಕಟ್ಟು ಬಿಚ್ಚಿದ್ರ ಗಿಣಿ ಹಾರತೈತಿ. ಗೌಡ್ರು ಹಾರತಾರನು?"

ಮಧುಕೇಶ ತಲೆಯ ಮೇಲೆ ಕೈಹೊತ್ತು ಕುಳಿತ. "ರಿಟರ್ನ್," ಎಂದ ಸಣ್ಣ ದನಿಯಲ್ಲಿ.

ಇದಕ್ಕೆ ತೊಲೆ ಏನು ಮಾಡೀತೆಂದು ಕಾಶವ್ವನಿಗೂ ತಿಳಿದಿರಲಿಲ್ಲ. ತಿಳಿಯದಾಗ ನಿಂಬೆವ್ವ ಏನು ಮಾಡುತ್ತಿದ್ದಳೋ ಅದನ್ನೇ ಅವಳು ಮಾಡಿದಳು, ಕೈಗೆ ಕೇಳಿದಳು. ಇಟ್ಟುಕೊಂಡ ಕೈ ಯಾವುದಕ್ಕೆ ತೆರೆಯುತ್ತದೆ ಎಂದು ನೋಡಲು ಇಟ್ಟುಕೊಂಡಿರುವ ಒಂದು ಕೈ ಬೇಕಿತ್ತು. ಅವಳು ನನ್ನ ಕಡೆಗೆ ತಿರುಗಿದಳು.

"ಮುತ್ಯಾ, ನಿಮ್ಮ ಎಡಗೈ ಮುಷ್ಟ್ಯಾಗ ಏನೈತಿ?"

ನನ್ನ ಮುಷ್ಟಿಯಲ್ಲಿ ನಿಂಬೆವ್ವ ಹಚ್ಚಿಕೊಳ್ಳುತ್ತಿದ್ದ ವಿಭೂತಿಯ ಗಟ್ಟಿಯಿತ್ತು. ಆಕೆಯ ಮೂರು ಬೆರಳು ಸವೆಸಿದ ಗುಳಿ ಇನ್ನೂ ಅದರಲ್ಲಿತ್ತು. ಆ ಮೂರು ತಿಂಗಳೂ ನಾನು ಅದನ್ನು ನೆಲಕ್ಕೆ ಇಟ್ಟವನಲ್ಲ.

"ವಾಪಸ್ ಕೊಡ್ರಿ," ಎಂದಳು.

ನನಗೆ ಸಿಟ್ಟು ಬಂತು. "ವಾಪಸ್ ಯಾರಿಗಿ? ಇದು ನಂದು."

"ನೋಡಿದೇನೋ ತಮ್ಮಾ? ರಿಟರ್ನಿಗೆ ಮುಷ್ಟಿ ಇನ್ನ ಬಿಗಿ ಆತು." ಆಮೇಲೆ ಅವಳು ನನ್ನ ಬೆರಳುಗಳನ್ನು ಬಿಡಿಸಲು ಬಂದಳು. ಅರಿಯದೆ ನಾನು ಹಿಂದಕ್ಕೆ ಸರಿದೆ, ತೊಲೆ ಏಣಿಯಿಂದ ಸರಿದ ಹಾಗೆ. "ಬಿಡ್ರಿ," ಎಂದಳು, ನಾನು ಬಿಡಲಿಲ್ಲ. ಅತ್ತ ಗೌಡರು ಮೇಲಿಂದ, "ಅಲ್ಲೇನ ಪಂಚಾಯ್ತಿ ಮಾಡಾಕತ್ತೀರಿ? ನನ್ನ ಕಾಲು ಜೋಮ ಹಿಡದಾವು!" ಎಂದು ಕೂಗುತ್ತಿದ್ದರು.

ಕಾಶವ್ವ ನನ್ನ ಮುಂದೆ ಮೊಣಕಾಲೂರಿ ಕುಳಿತು ತನ್ನ ಎರಡು ಅಂಗೈಗಳನ್ನು ಜೋಡಿಸಿ ಮುಂದೆ ಒಡ್ಡಿದಳು. ಏನನ್ನೂ ಹೇಳಲಿಲ್ಲ. ಮೂಟೆ ಹೊತ್ತು ಕಾಯಿಗಟ್ಟಿದ ಅಂಗೈಗಳು. ಪ್ರಸಾದಕ್ಕೆ ಕೂತವರ ಕೈ ಹೇಗಿರುತ್ತದೋ ಹಾಗಿದ್ದವು. ನನ್ನ ಮುಷ್ಟಿ ತಾನಾಗಿ ತೆರೆಯಿತು. ವಿಭೂತಿಯ ಗಟ್ಟಿಯನ್ನು ಆ ಅಂಗೈಯಲ್ಲಿ ಇಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಹಣೆಗೆ ಮೂರು ಬೆರಳು ಎಳೆದುಕೊಂಡಳು. ನನ್ನ ಮೈ ಹಗುರಾಯಿತು. ಅಳಬೇಕೆಂದುಕೊಂಡೆ, ನಗು ಬಂತು.

"ಇಟ್ಕೊಂಡೋರು ಅಂಜಿಕಿಗೆ ಬಿಡಂಗಿಲ್ಲ, ಕೇಳಿದ್ರೂ ಬಿಡಂಗಿಲ್ಲ," ಎಂದು ಎದ್ದಳು. "ಒಡ್ಡಿದ ಕೈ ಕಂಡ್ರ ಕೊಡ್ತಾರ. ಗಿವ್ ಅನ್ನೂದು ಬಾಯಿ ಮಾತಲ್ಲೋ ತಮ್ಮಾ, ಅದಕ್ಕ ಕೆಳಗ ಒಂದು ಕೈ ಬೇಕು. ಇಲ್ಲಂದ್ರ ಅದು ಕೊಟ್ಟದ್ದು ಯಾರಿಗಿ ಮುಟ್ಟಬೇಕು?"

ಅವಳು ನೇರವಾಗಿ ಕಟ್ಟೆಯ ಅಂಚಿಗೆ ನಡೆದಳು. ಒಂದು ಹೆಜ್ಜೆ ಮುಂದಿಟ್ಟರೆ ಪ್ರಪಾತ. ಅಲ್ಲಿ ಕಾಲಗಲಿಸಿ ನಿಂತು ಎರಡೂ ಅಂಗೈ ಮೇಲಕ್ಕೆ ಮಾಡಿದಳು. ಜನಕ್ಕೆ ಅರ್ಥವಾಯಿತು. ಬುಟ್ಟಿ ಜಾರಿದರೆ ಗೌಡರು ಇವಳ ತಲೆಯ ಮೇಲೆ, ಇಬ್ಬರೂ ಬಂಡೆಯ ಬುಡಕ್ಕೆ.

"ಗಿವ್," ಎಂದಳು ಕಾಶವ್ವ. ಕೂಗಲಿಲ್ಲ. ನೆರೆಮನೆಯವಳಿಗೆ ಹೇಳಿದ ಹಾಗೆ ಹೇಳಿದಳು.

ತೊಲೆ ಕದಲಿತು. ಪ್ರಪಾತದ ಮೇಲಿಂದ ಮೆಲ್ಲನೆ ತಿರುಗಿ ಬುಟ್ಟಿಯನ್ನು ಅವಳ ತಲೆಯ ಮೇಲಕ್ಕೆ ತಂದಿತು. ಅಲ್ಲಿ ನಿಂತುಬಿಟ್ಟಿತು. ಒಂದು ಮಡಚಿದ ಬೆರಳು ತೆರೆಯಿತು, ಮತ್ತೆ ಮುಚ್ಚಿತು.

"ಯಾಕ ನಿಂತೈತಿ?" ಎಂದು ಯಾರೋ ಪಿಸುಗುಟ್ಟಿದರು.

"ಎರಡ ಕೈಯಿಗೆ ಗೌಡ್ರನ್ನ ಹೆಂಗ ಕೊಟ್ಟೀತು?" ಎಂದಳು ಕಾಶವ್ವ ತಿರುಗದೆ. "ಅದಕ್ಕೂ ಕಾಳಜಿ ಐತಿ. ಕೈ ಸಾಲಂಗಿಲ್ಲ. ಬರ್ರಿ, ಒಡ್ರಿ ಕೈ!"

ಯಾರೂ ಮುಂದೆ ಬರಲಿಲ್ಲ. ಗಟ್ಟಿ ಆಳುಗಳೇ ಒಬ್ಬರ ಮುಖ ಒಬ್ಬರು ನೋಡಿದರು. ಎಪ್ಪತ್ತನಾಲ್ಕು ವರ್ಷದ ಮುದುಕನ ಕೈಯಲ್ಲಿ ಎಷ್ಟು ಬಲವಿದ್ದೀತು? ಆದರೂ ನನ್ನ ಎರಡೂ ಕೈ ಈಗ ಖಾಲಿಯಿದ್ದವು. ಕೋಲು ಎಸೆದು ಹೋದೆ. ಅವಳ ಬಲಕ್ಕೆ ನಿಂತು, ಶಿವಾ ಎಂದು ಅಂಗೈ ಮೇಲೆತ್ತಿದೆ. ಲಿಂಗ ಹಿಡಿದು ಅಭ್ಯಾಸವಾದ ಕೈಗಳು.

"ಹಣ್ಣ ಮುದುಕ ನಿಂತಾನ, ನಾವೇನ ಬಳಿ ತೊಟ್ಟೀವಿ?" ಎಂದು ಒಬ್ಬ ಹಮಾಲ ಬಂದ.

"ಬಳಿ ತೊಟ್ಟಾಕಿನ ಮುಂದ ನಿಂತಾಳಲೋ ಖೋಡಿ," ಎಂದು ಅವನ ಹೆಂಡತಿ ಅವನನ್ನು ನೂಕಿಕೊಂಡೇ ಬಂದಳು. ಆಮೇಲೆ ಹತ್ತು ಜನ, ಇಪ್ಪತ್ತು ಜನ. ಮಠದ ಅಡುಗೆಯವರು ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಕಡೆಗೆ ಮಧುಕೇಶನೂ ಬಂದು ಪ್ರಪಾತದ ಅಂಚಿನಲ್ಲಿ, ಎಲ್ಲರಿಗಿಂತ ಕೆಟ್ಟ ಜಾಗದಲ್ಲಿ, ಕೈಯೆತ್ತಿ ನಿಂತ. ಅವನ ತುಟಿ ಬಿಳಿಚಿತ್ತು. ಅವನದೆಲ್ಲವನ್ನೂ ನಾನು ಆ ಕ್ಷಣವೇ ಕ್ಷಮಿಸಿದೆ.

"ಗಿವ್," ಎಂದಳು ಕಾಶವ್ವ ಎರಡನೆಯ ಸಲ.

ಬೆರಳುಗಳು ಒಂದೊಂದಾಗಿ ತೆರೆದವು. ಬುಟ್ಟಿ ಇಳಿದು ಇಳಿದು ನಮ್ಮ ಅಂಗೈಗಳಿಗೆ ತಾಗಿತು. ಭಾರ ಒಮ್ಮೆಲೆ ಬೀಳಲಿಲ್ಲ. ಹಾಲುಣಿಸಿದ ಕೂಸನ್ನು ತಾಯಿ ಇನ್ನೊಬ್ಬರ ತೊಡೆಗೆ ಕೊಡುವಾಗ ಮೊದಲು ತಲೆ, ಆಮೇಲೆ ಬೆನ್ನು, ಆಮೇಲೆ ತನ್ನ ಕೈ ಎಳೆದುಕೊಳ್ಳುತ್ತಾಳಲ್ಲ, ಹಾಗೆ ತೊಲೆ ಗೌಡರನ್ನು ನಮಗೆ ಕೊಟ್ಟಿತು. ನಲವತ್ತೈವತ್ತು ಕೈಗಳು ಬುಟ್ಟಿಯನ್ನು ಹಿಡಿದು ಹಿಂದಕ್ಕೆ ತಂದು ಕಟ್ಟೆಯ ಮೇಲೆ ಇಳಿಸಿದವು.

ಆಗ ಎದ್ದ ಕೂಗು! ಮೇಲ್ಪೇಟೆ ಕೂಗಿತು, ಅದಕ್ಕೆ ಕೆಳಪೇಟೆ ಉತ್ತರ ಕೊಟ್ಟಿತು, ನಡುವಿನ ಬಂಡೆ ಎರಡನ್ನೂ ಕೂಡಿಸಿ ಮತ್ತೊಮ್ಮೆ ಕೂಗಿತು. ಹಮಾಲರು ಕಾಶವ್ವನನ್ನು ಹೆಗಲ ಮೇಲೆ ಎತ್ತಲು ಬಂದರೆ ಅವಳು, "ಮೂಟಿ ಅಲ್ಲಪ್ಪೋ ನಾನು," ಎಂದು ತಪ್ಪಿಸಿಕೊಂಡಳು.

ಗೌಡರು ಬುಟ್ಟಿಯಿಂದ ಎದ್ದರು. ರುಮಾಲಿಲ್ಲದ ತಲೆ, ಕಾಲಲ್ಲಿ ಜೋಮು. ಇಬ್ಬರ ಹೆಗಲು ಹಿಡಿದು ನಿಂತು ಮಾತು ಹುಡುಕಿದರು.

"ಮುನ್ನೂರರ ಮಾತು ಇನ್ನ ಈ ಕಟ್ಟಿ ಮ್ಯಾಲೆ ಯಾರೂ ಎತ್ತಬ್ಯಾಡ್ರಿ," ಎಂದರು. "ಉಪ್ಪಿಗೆ ಬ್ಯಾರೆ ಕಡೆ ಕೋಠಿ ಕಟ್ಟೂನು. ಕಾಶವ್ವಾ, ತೊಲಿ ನಿಂದು. ಚಪ್ರಾನೂ ನಿಂದು."

"ನಿಂಬೆವ್ವಂದ್ರೀ," ಎಂದಳು ಅವಳು.

ಮಧುಕೇಶ ಅಲ್ಲಿಯೇ ನಿಂತಿದ್ದ. "ಅಕ್ಕಾ, ಸಂಜಿಗೆ ನಾನೂ ಬರ್ಲೇನು ಚಪ್ರಕ್ಕ?"

"ಬಾ. ಪುಸ್ತಕಾ ಮನ್ಯಾಗಿಟ್ಟು ಬಾ. ಬರೂವಾಗ ಎರಡ ಕೊಡಾ ನೀರು ತಗೊಂಡ ಬಾ."

ಜನ ಮತ್ತೆ ನಕ್ಕರು. ನನಗೆ ಮನಸ್ಸು ತುಂಬಿ ಬಂದಿತ್ತು. ಊರೆಲ್ಲ ಸೇರಿದೆ, ಈಗಲೇ ನಿಂಬೆವ್ವನ ಬಗ್ಗೆ ನಾಲ್ಕು ಮಾತು ಹೇಳಬೇಕು, ಈ ಗೆಲುವು ಆಕೆಯ ವಿದ್ಯೆಗೆ ಶಿವ ಕೊಟ್ಟದ್ದು ಎನ್ನಬೇಕು ಎಂದು ಕಟ್ಟೆಯ ನಡುವೆ ನಿಂತು ಗಂಟಲು ಸರಿಮಾಡಿಕೊಂಡೆ. "ನೋಡ್ರಪಾ ಮಹಾಜನಾ," ಎಂದು ತೊಡಗಿದ್ದೆ ಅಷ್ಟೇ.

"ಮುತ್ಯಾ, ಅತ್ತಾಗ ಸರೀರಿ," ಎಂದಳು ಕಾಶವ್ವ ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. "ಬೆಳಗಿಂದ ಕೆಳಗ ಬಾಳಿಗೊನಿ ಬಿಸಲಾಗ ಬಿದ್ದಾವ. ದವಾಖಾನಿ ಔಷಧ ಬಿದ್ದಾವ. ನಿಮ್ಮ ಭಾಷಣಾ ಹೊತ್ತ ಮುಳುಗಿದ ಮ್ಯಾಲೆ ಕೇಳ್ತೀನಿ."

ನಾನು ಸರಿದೆ. ಅವಳು ತೊಲೆಯ ಕಡೆಗೆ ಮುಖ ಮಾಡಿ "ಬ್ರಿಂಗ್" ಎಂದಳು. ತೊಲೆ ಬಗ್ಗಿತು, ಬಾಳೆಗೊನೆಗಳ ಹಸಿರು ಹೊರೆ ಬಂಡೆಯ ಮೈಗುಂಟ ಏರಿ ಬಂತು, ಎರಡು ಪೇಟೆಯ ಜನ ಆ ಹೊರೆಗೂ ಜಯಕಾರ ಹಾಕಿದರು. ಅದರ ಹಿಂದೆ ಔಷಧದ ಪೆಟ್ಟಿಗೆಗಳು, ಅದರ ಹಿಂದೆ ಒಂದು ಆಕಳು ಕರುವಿನೊಡನೆ, ಅದರ ಹಿಂದೆ ನೇಕಾರರ ಗಂಟುಗಳು. ಪ್ರತಿಯೊಂದಕ್ಕೂ ಕೂಗು. ನಾನೂ ಕೂಗಿದೆ, ಹೊತ್ತು ಮುಳುಗುವ ತನಕ, ಕಡೆಯ ಹೊರೆಯ ತನಕ ಕೂಗಿದೆ. ಮರುದಿನ ಬೆಳಗ್ಗೆ ಪೂಜೆಗೆ ಕುಳಿತರೆ ಮಂತ್ರ ಹೇಳಲು ಗಂಟಲೇ ಇರಲಿಲ್ಲ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕುಳಿತೆ. ಶಿವನು ಅದನ್ನೇ ಪೂಜೆಯೆಂದು ಒಪ್ಪಿಕೊಂಡನು.